ಏರಿ ಒಡೆಯಬೇಡಿ, ತೂಬು ಇಡಿ

ಥೀಮ್ ಪಾರ್ಕುಗಳಿಗೆ ಮೊಬೈಲ್ ಆಟ ಕಟ್ಟುವ ವಿನ್ಯಾಸಕರಿಗೆ ಒಂದು ಬಹಿರಂಗ ಪತ್ರ

ಆತ್ಮೀಯರೇ,

ಹೋದ ಬೇಸಿಗೆ ರಜೆಯಲ್ಲಿ ಮಗಳನ್ನು ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಸವಾರಿಗೆ ಮುಕ್ಕಾಲು ಗಂಟೆಯ ಸಾಲು. ಕಂಬಕ್ಕೆ ಕ್ಯೂಆರ್ ಕೋಡ್ ಅಂಟಿಸಿದ್ದರು. ಸ್ಕ್ಯಾನ್ ಮಾಡಿದರೆ ಬಲೂನು ಒಡೆಯುವ ಆಟ. ಅದನ್ನು ಅವಳು ಮನೆಯ ಸೋಫಾ ಮೇಲೆ ಕೂತೂ ಆಡಬಹುದಿತ್ತು. ನಮ್ಮ ಪಕ್ಕದಲ್ಲೇ ಗುಹೆಯಂತೆ ಕಡೆದ ಗೋಡೆ, ಅದರ ತುಂಬ ಯಾರೋ ಕಲಾವಿದರು ಕೂತು ಬರೆದ ಬೇಟೆಯ ಚಿತ್ರಗಳು. ಅವಳು ಒಂದನ್ನೂ ನೋಡಲಿಲ್ಲ. ಸರದಿ ಬಂದಾಗ "ಒಂದ್ ನಿಮಿಷ ಇರಪ್ಪ, ಈ ಲೆವೆಲ್ ಮುಗೀಲಿ" ಅಂದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಗೋಡೆ ಬರೆದವರ ಬಗ್ಗೆ ಸಂಕಟವಾಯಿತು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ಕಟ್ಟಿದಾಗ ಅದರ ಸುತ್ತ ಎತ್ತರದ ಮಣ್ಣಿನ ಏರಿ ಹಾಕಿದರು. ಒಳಗೆ ಕಾಲಿಟ್ಟವರ ಕಣ್ಣಿಗೆ ಹೊರಗಿನ ಲೋಕ ಬೀಳಬಾರದು ಎಂಬುದು ವಾಲ್ಟ್ ಡಿಸ್ನಿಯ ಹಟ. ಪಾರ್ಕಿನ ಗುಟ್ಟೆಲ್ಲ ಆ ಏರಿಯಲ್ಲಿದೆ. ಕೆರೆಗೆ ಏರಿ ಇದ್ದರೇ ನೀರು ನಿಲ್ಲುವುದು. ಪಾರ್ಕಿನಲ್ಲಿ ನಿಲ್ಲುವುದು ಕಥೆ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಆ ಏರಿಯ ಒಂದೊಂದು ಬಿರುಕಿದೆ. ಆಫೀಸಿನ ಮೆಸೇಜು, ಸಾಲದ ಕಂತು, ಕ್ರಿಕೆಟ್ ಸ್ಕೋರು ಎಲ್ಲ ಅಲ್ಲಿಂದಲೇ ಒಳಗೆ ಬರುತ್ತವೆ. ನಿಮ್ಮ ಆಟ ಜನರ ಕೈಗೆ ಫೋನು ಕೊಡಿಸಿದಾಗಲೆಲ್ಲ ಬಿರುಕು ಇನ್ನಷ್ಟು ಬಾಯಿಬಿಡುವ ಅಪಾಯ ಇದ್ದೇ ಇದೆ. ಆದರೆ ಕೆರೆಗೆ ತೂಬೂ ಇರುತ್ತದಲ್ಲ? ಏರಿಗೆ ಪೆಟ್ಟು ಮಾಡದೆ, ಬೇಕಾದಷ್ಟು ನೀರನ್ನು ಬೇಕಾದ ಗದ್ದೆಗೆ ಬಿಡುವ ತೂಬು. ನಾನು ಕೇಳುತ್ತಿರುವುದು ಅಂಥ ಆಟ.

ಅದು ಆಗದ ಮಾತೇನಲ್ಲ. 2009ರಲ್ಲಿ ಫ್ಲಾರಿಡಾದ ಎಪ್ಕಾಟ್ ಪಾರ್ಕಿನಲ್ಲಿ ಕಿಮ್ ಪಾಸಿಬಲ್ ಎಂಬ ಕಾರ್ಟೂನಿನ ಮೇಲೆ ಕಟ್ಟಿದ ಆಟವೊಂದು ಶುರುವಾಯಿತು. ಫೋನನ್ನು ಪಾರ್ಕಿನವರೇ ಕೊಡುತ್ತಿದ್ದರು. ಆ ಪಾರ್ಕಿನೊಳಗಿನ ಕೆರೆಯ ಸುತ್ತ ಒಂದೊಂದು ದೇಶದ ಹೆಸರಲ್ಲಿ ಕಟ್ಟಿದ ಬೀದಿಗಳಿವೆ. ಆಟಗಾರರು ಅಲ್ಲಿ ಗೂಢಚಾರರಂತೆ ಸುಳಿವು ಹುಡುಕಬೇಕಿತ್ತು. ಸರಿಯಾದ ಜಾಗದಲ್ಲಿ ನಿಂತು ಗುಂಡಿ ಒತ್ತಿದರೆ, ಇಷ್ಟು ಹೊತ್ತು ಅಲಂಕಾರಕ್ಕಿಟ್ಟಂತೆ ಸುಮ್ಮನಿದ್ದ ವಸ್ತು ಎದುರಿಗೇ ಜೀವ ತಳೆಯುತ್ತಿತ್ತು. ಬಹುಮಾನ ಪರದೆಯ ಮೇಲಿರಲಿಲ್ಲ, ಬೀದಿಯಲ್ಲಿತ್ತು. ಪಕ್ಕದಲ್ಲಿ ಸುಮ್ಮನೆ ಹೋಗುತ್ತಿದ್ದವರೂ ನಿಂತು ನೋಡಬಹುದಿತ್ತು.

2018ರಲ್ಲಿ ಡಿಸ್ನಿ ಪಾರ್ಕುಗಳು ಸಾಲಿನಲ್ಲಿ ನಿಂತವರಿಗೆಂದೇ ಆ್ಯಪ್ ತಂದವು. ಮರುವರ್ಷ 'ಸ್ಟಾರ್ ವಾರ್ಸ್' ಲೋಕದ ಗ್ಯಾಲಕ್ಸಿಸ್ ಎಡ್ಜ್ ತೆರೆದಾಗ ಅದೇ ಆ್ಯಪಿಗೆ ಹೊಸ ವೇಷ ಬಂತು. ಅಲ್ಲಿ ನಿಮ್ಮ ಫೋನು ಫೋನಲ್ಲ, ಬಟೂ ಎಂಬ ಗ್ರಹದ ಸಂತೆಯಲ್ಲಿ ಎಲ್ಲರೂ ಇಟ್ಟುಕೊಳ್ಳುವ ಡೇಟಾಪ್ಯಾಡ್. ಕಥೆಯೊಳಗೆ ಅದಕ್ಕೊಂದು ಕೆಲಸ ಹುಟ್ಟಿತು, ಹಾಗಾಗಿ ಅದನ್ನು ಹೊರತೆಗೆದರೂ ಏರಿ ಒಡೆಯುವುದಿಲ್ಲ. ಬಾಗಿಲ ಪಕ್ಕದ ಫಲಕವನ್ನು ಹ್ಯಾಕ್ ಮಾಡಿದರೆ ಅದು ಮಿನುಗಿ ಉಲಿಯುತ್ತದೆ. ಆದರೆ ಅಲ್ಲೇ ಇನ್ನೊಂದು ಕೆಲಸವೂ ಇದೆ: ಪೆಟ್ಟಿಗೆಯನ್ನು ಸ್ಕ್ಯಾನ್ ಮಾಡಿದರೆ ಒಳಗೇನಿದೆ ಎಂದು ಪರದೆ ಹೇಳುತ್ತದೆ, ಪೆಟ್ಟಿಗೆ ಮಾತ್ರ ಕಲ್ಲಿನಂತೆ ಕೂತಿರುತ್ತದೆ. ಒಂದೇ ಆಟದಲ್ಲಿ ತೂಬೂ ಬಿರುಕೂ ಅಕ್ಕಪಕ್ಕ ಇವೆ. ನನಗೆ ತುಂಬ ಹಿಡಿಸಿದ್ದು ಅಲ್ಲಿನ ಲಿಪಿ. ಬಹುತೇಕ ಬೋರ್ಡುಗಳು ಆರೆಬೆಶ್ ಎಂಬ ಕಲ್ಪಿತ ಅಕ್ಷರದಲ್ಲಿವೆ. ಕ್ಯಾಮೆರಾ ಹಿಡಿದರೆ ಆ್ಯಪ್ ಓದಿ ಹೇಳುತ್ತದೆ. ಬರಬರುತ್ತಾ ಮಗುವಿಗೆ ಅಕ್ಷರಗಳ ಗುರುತು ಸಿಕ್ಕಿ, ಫೋನನ್ನು ಜೇಬಿಗಿಟ್ಟು ತಾನೇ ಓದತೊಡಗಬಹುದು. ತನ್ನನ್ನೇ ಬೇಡವಾಗಿಸಿಕೊಳ್ಳುವ ಆಟ ಎಷ್ಟು ದೊಡ್ಡದು!

ಇನ್ನು ಜಪಾನಿನ ಒಸಾಕಾದಲ್ಲಿ 2021ರ ಮಾರ್ಚಿನಲ್ಲಿ ತೆರೆದ, ವಿಡಿಯೋ ಆಟದ ಲೋಕವನ್ನೇ ಕಟ್ಟಿ ನಿಲ್ಲಿಸಿದ ಸೂಪರ್ ನಿಂಟೆಂಡೊ ವರ್ಲ್ಡ್. ಅಲ್ಲಿ ಕೈಗೆ ಕಟ್ಟುವ ಪಟ್ಟಿಯೇ ಆಟದ ಸಾಧನ. ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ಕೆಳಗಿನಿಂದ ಗುದ್ದಬೇಕು, ನಾಣ್ಯದ ಸದ್ದು ಬರುತ್ತದೆ. ಲೆಕ್ಕವನ್ನು ಆ್ಯಪ್ ಇಟ್ಟುಕೊಳ್ಳುತ್ತದೆ, ಬೇಕಾದಾಗ ನೋಡಿದರಾಯಿತು. ಕಣ್ಣು, ಕೈ, ಕಾಲು ಎಲ್ಲ ಆ ಲೋಕದಲ್ಲೇ ಇರುತ್ತವೆ. ಕೊರತೆ ಒಂದೇ: ಪಟ್ಟಿಗೆ ಬೇರೆ ದುಡ್ಡು ಕೊಡಬೇಕು. ಕೊಳ್ಳಲಾಗದ ಮಗು ಇತರರು ನಾಣ್ಯ ಕೂಡಿಸುವುದನ್ನು ನೋಡುತ್ತ ನಿಲ್ಲುತ್ತದೆ. ದಯವಿಟ್ಟು ಆ ಪದ್ಧತಿಯನ್ನು ಇಲ್ಲಿಗೆ ತರಬೇಡಿ.

ಇಲ್ಲಿಗೆ ಎಂದೆ. ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲೇ ಕೂತು ಕೋಡ್ ಬರೆಯುವವರು. ಒಂದು ಶನಿವಾರ ಹುಬ್ಬಳ್ಳಿ ಕಡೆಗೆ ಹೊರಡಿ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯ ಉತ್ಸವ ರಾಕ್ ಗಾರ್ಡನ್ ಹೆದ್ದಾರಿ ಬದಿಯಲ್ಲೇ ಇದೆ. ಉತ್ತರ ಕರ್ನಾಟಕದ ಹಳ್ಳಿಯ ಬದುಕು ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಅಲ್ಲಿ ಒಂದೇ ಒಂದು ಕೊರತೆ: ಆ ಹಳ್ಳಿಗೆ ದನಿ ಇಲ್ಲ. ಅದನ್ನು ನೀವು ಕೊಡಬಹುದು. ಫೋನನ್ನು ಕಣ್ಣಿನ ಮುಂದೆ ಹಿಡಿಸಬೇಡಿ, ಕಿವಿಗೆ ಇಡಿಸಿ. ಒಂದು ಅಂಗಳದ ಮುಂದೆ ನಿಂತರೆ ಬೀಸುಕಲ್ಲಿನ ಸದ್ದು, ಅದರೊಳಗಿಂದ ಅಜ್ಜಿಯೊಬ್ಬಳ ದನಿ: "ಏ ತಂಗಿ, ನಮ್ಮ ಎತ್ತು ಎತ್ತ ಹೋತು, ಒಂಚೂರು ನೋಡಿ ಬಾರವ್ವ." ಮಗು ಓಡುತ್ತದೆ. ಎತ್ತು ಸಿಕ್ಕಿದ ಕಡೆ ಇನ್ನೊಬ್ಬರು ಇನ್ನೊಂದು ಸುದ್ದಿ ಹೇಳುತ್ತಾರೆ. ನಕ್ಷೆ ಬೇಡ, ಪಾಯಿಂಟು ಬೇಡ. ಹುಡುಕುವ ಕಣ್ಣಿಗೆ ಪ್ರತಿ ಶಿಲ್ಪದ ಸೆರಗು, ಸುಕ್ಕು, ಹಗ್ಗದ ಗಂಟು ತಾನಾಗಿ ಕಾಣುತ್ತದೆ. ದನಿ ಮಾತ್ರ ಆ ಸೀಮೆಯದೇ ಆಗಿರಲಿ. ಸ್ಟುಡಿಯೋ ಕನ್ನಡದಲ್ಲಿ ಆ ಅಜ್ಜಿ ಮಾತಾಡಿದರೆ ಶಿಲ್ಪವೂ ಸುಳ್ಳಾಗುತ್ತದೆ.

ಇನ್ನೂ ಕೆಲವು ಬೇಡಿಕೆಗಳಿವೆ. ನಮ್ಮಲ್ಲಿ ಪಾರ್ಕಿಗೆ ಬರುವುದು ಸಂಸಾರ. ಚಿಕ್ಕಮ್ಮ, ಅಜ್ಜ, ಮೂರು ಮಕ್ಕಳು, ಆಡಲು ಸಿಗುವುದು ಒಂದೇ ಫೋನು. ಒಬ್ಬರು ಆಡಿ ನಾಲ್ವರು ಕಾಯುವ ಆಟ ಬೇಡ. ಒಬ್ಬರು ಕೇಳಿ ಹೇಳಲಿ, ಉಳಿದವರು ಹುಡುಕಲಿ. ಸಂಜೆ ಕ್ಯಾಬ್ ಕರೆಯುವಷ್ಟು ಚಾರ್ಜು ಉಳಿದಿರಲಿ. ನೆಟ್‌ವರ್ಕ್ ಇಲ್ಲದ ಮೂಲೆಯಲ್ಲೂ ನಡೆಯಲಿ. ಸಾಲು ಮುಂದೆ ಸರಿದಾಗ ಯಾವ ಕ್ಷಣದಲ್ಲಾದರೂ ಬಿಟ್ಟು ಹೋಗುವಂತಿರಲಿ. ಬಿಟ್ಟದ್ದಕ್ಕೆ ಮಗುವಿಗೆ ಸೋಲಿನ ಸದ್ದು ಕೇಳಿಸಬೇಡಿ.

ಆಟ ಸಿದ್ಧವಾದ ಮೇಲೆ ಪರೀಕ್ಷೆಗೆ ಮಕ್ಕಳು ಬೇಕಾದರೆ ನನ್ನ ಮಗಳನ್ನು ಕರೆತರುತ್ತೇನೆ. ಅವಳಿಗೆ ಹತ್ತು ವರ್ಷ. ಆಟ ಮುಗಿದ ಮೇಲೆ ಎಷ್ಟು ಅಂಕ ಬಂತು ಎಂದು ಕೇಳಬೇಡಿ. ಗೋಡೆಯ ಮೇಲೆ ಏನಿತ್ತು ಎಂದು ಕೇಳಿ.

ಇಂತಿ ನಿಮ್ಮವನು,
ಸಾಲಿನಲ್ಲಿ ನಿಂತಿದ್ದ ಒಬ್ಬ ಅಪ್ಪ