ಕೃಷ್ಣಪಟ ಮೀಮಾಂಸೆ: ಲಿನಕ್ಸ್ ಹಾಕಿದ ಮೇಲೆ ಕಪ್ಪಾದ ಪರದೆಯನ್ನು ಕುರಿತು

ಪ್ರಸ್ತುತ ಗ್ರಂಥದ ವಿಷಯ ಕಪ್ಪು. ಸಾಮಾನ್ಯ ಕಪ್ಪಲ್ಲ, ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸಿ ತಂದ ಹೊಸ ಕಂಪ್ಯೂಟರಿಗೆ ಉಬುಂಟು ಲಿನಕ್ಸ್ ಹಾಕಿ, ರೀಸ್ಟಾರ್ಟ್ ಮಾಡು ಎಂದದ್ದನ್ನು ನಂಬಿ ಗುಂಡಿ ಒತ್ತಿದವನ ಎದುರು ಬಂದು ನಿಲ್ಲುವ ಕಪ್ಪು. ಇದನ್ನು ಈವರೆಗೆ ತಂತ್ರಜ್ಞರಷ್ಟೇ ವಿಚಾರಿಸಿರುವುದರಿಂದ ವಿಷಯಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ. ಚಿತ್ರ ಇರಬೇಕಾದಲ್ಲಿ ಇಲ್ಲ ಎಂದಮೇಲೆ ಇದು ಅಭಾವ. ಅಭಾವ ನಾಲ್ಕು ಬಗೆಯೆಂದು ಅನ್ನಂಭಟ್ಟ ತನ್ನ ತರ್ಕಸಂಗ್ರಹದಲ್ಲಿ ವಿಂಗಡಿಸಿಟ್ಟಿದ್ದಾನೆ. ಆತನ ಬಳಿ ಗ್ರಾಫಿಕ್ಸ್ ಕಾರ್ಡ್ ಇತ್ತೆಂಬುದಕ್ಕೆ ಶಾಸನಾಧಾರ ಸಿಕ್ಕಿಲ್ಲವಾದರೂ ವಿಂಗಡಣೆ ಚಾಚೂ ತಪ್ಪದೆ ಹೊಂದುತ್ತದೆ.

ಮೊದಲು ಪೂರ್ವಪಕ್ಷ. "ಇನ್ನೊಂದ್ಸಲ ಇನ್‌ಸ್ಟಾಲ್ ಮಾಡಿಬಿಡಿ ಅಂಕಲ್, ಸರಿಹೋಗುತ್ತೆ" ಎಂಬುದು ಮೇಲಿನ ಮಹಡಿಯ ಇಂಜಿನಿಯರಿಂಗ್ ಹುಡುಗನ ಮತ. ಇದನ್ನು ಪುನರ್ಜನ್ಮವಾದ ಎನ್ನಬಹುದು. ಅದೇ ಪೆನ್‌ಡ್ರೈವ್, ಲಿನಕ್ಸಿನ ತಿರುಳಾದ ಅದೇ ಕರ್ನಲ್, ಅದೇ ಕಾರ್ಡ್ ಇರುವಾಗ ಕಾರ್ಯ ಮಾತ್ರ ಬೇರೆಯಾಗಲು ಯಾವ ಕಾರಣವನ್ನೂ ಈ ಮತದವರು ತೋರಿಸುವುದಿಲ್ಲ. ಹುಡುಗನಿಗೆ ಕಾಫಿ ಕೊಟ್ಟು ಕಳಿಸುವುದೇ ಖಂಡನೆ.

ಇನ್ನು ಯಂತ್ರಕ್ಕೆ ಜೀವ ಇದೆಯೇ ಇಲ್ಲವೇ ಎಂಬ ಪ್ರಶ್ನೆ. ಕಣ್ಣಿಗೆ ಏನೂ ಕಾಣದಿರುವಲ್ಲಿ ಪ್ರತ್ಯಕ್ಷ ಪ್ರಮಾಣಕ್ಕೆ ಕೆಲಸವಿಲ್ಲ, ಅನುಮಾನವೇ ಗತಿ. ಹೊಗೆ ಕಂಡರೆ ಬೆಟ್ಟದಲ್ಲಿ ಬೆಂಕಿ ಇದೆ ಎಂದಂತೆ, ಫ್ಯಾನ್ ತಿರುಗುತ್ತಿದೆ, ಆದ್ದರಿಂದ ಲಿನಕ್ಸ್ ಬದುಕಿದೆ ಎಂದು ಕೆಲವರು ವಾದಿಸುತ್ತಾರೆ. ಈ ಹೇತು ಸವ್ಯಭಿಚಾರ ದೋಷದಿಂದ ಕೂಡಿದೆ: ಕಂಪ್ಯೂಟರ್ ಪೂರ್ತಿ ಹ್ಯಾಂಗ್ ಆದಾಗಲೂ ಫ್ಯಾನ್ ನಿರ್ಲಿಪ್ತವಾಗಿ ತಿರುಗುತ್ತಲೇ ಇರುತ್ತದೆ. ಸದ್ಧೇತು ಯಾವುದೆಂದರೆ ಕೀಬೋರ್ಡಿನ ಕ್ಯಾಪ್ಸ್ ಲಾಕ್. ಒತ್ತಿದಾಗ ಹತ್ತಿ, ಮತ್ತೆ ಒತ್ತಿದಾಗ ಆರಿದರೆ ಒಳಗೆ ಕರ್ನಲ್ ಎಚ್ಚರವಾಗಿದೆ. ಅನಂತರ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಅದುಮಬೇಕು. ಬಿಳಿ ಅಕ್ಷರಗಳಲ್ಲಿ ಲಾಗಿನ್ ಎಂದು ಬಂದರೆ ಕೇಬಲ್, ಮಾನಿಟರ್, ಕಾರ್ಡ್ ಮೂವರ ಮೇಲಿನ ಆರೋಪವೂ ಬಹುಮಟ್ಟಿಗೆ ಬಿದ್ದುಹೋಯಿತು. ತಪ್ಪು ಮೇಲಿನ ಡೆಸ್ಕ್‌ಟಾಪಿನದು. ಅಲ್ಲೇ ಎಲ್‌ಎಸ್‌ಪಿಸಿಐ ಆಜ್ಞೆಗೆ ಹೈಫನ್ ಕೆ ಸೇರಿಸಿ ಕೇಳಿದರೆ, ಯಾವ ಕಾರ್ಡಿಗೆ ಯಾವ ಡ್ರೈವರ್ ಕೂತಿದೆ ಎಂಬುದನ್ನು ಯಂತ್ರವೇ ಹೇಳುತ್ತದೆ. ಇದು ಆಪ್ತವಾಕ್ಯ. ಹುಡುಗನದು ಅಲ್ಲ.

ಈಗ ಪ್ರಧ್ವಂಸಾಭಾವ. ಇದ್ದದ್ದು ನಾಶವಾಗುವುದು, ಇದಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂದು ಶಾಸ್ತ್ರ. ಅನುಭವಿಗಳು ಕೂಡಲೇ ಒಪ್ಪುತ್ತಾರೆ. ಕಂಪನಿಯ ಲಾಂಛನ ಬಂತು, ಬೂಟ್ ಮಾಡಿಸುವ ಗ್ರಬ್ ಮೆನು ಬಂತು, ಆಮೇಲೆ ಕತ್ತಲೆ. ಆ ಕ್ಷಣದಲ್ಲಿ ನಡೆಯುವುದು ಅಧಿಕಾರ ಹಸ್ತಾಂತರ. ಅಲ್ಲಿಯವರೆಗೆ ಮದರ್‌ಬೋರ್ಡಿನ ಫರ್ಮ್‌ವೇರ್ ಹೇಗೋ ಚಿತ್ರ ಬರೆಯುತ್ತಿರುತ್ತದೆ. ಪರದೆಯ ಅಳತೆ ನಿಗದಿ ಮಾಡುವ ಹಕ್ಕನ್ನು ಕರ್ನಲ್ಲಿನ ಡ್ರೈವರ್ ಆಗ ಕಿತ್ತುಕೊಳ್ಳುತ್ತದೆ. ಈ ಹಕ್ಕು ಕರ್ನಲ್ಲಿಗೆ ಬಂದದ್ದು 2009ರ 2.6.29ನೆಯ ಆವೃತ್ತಿಯ ಹೊತ್ತಿಗೆ. ಮುಂಚೆ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ಸರ್ವರ್ ಅದನ್ನು ಅನುಭವಿಸುತ್ತಿತ್ತು. ಡ್ರೈವರಿಗೆ ಕಾರ್ಡಿನ ಪರಿಚಯ ಸಾಲದಿದ್ದರೆ ಹಳಬ ಇಳಿದಾಯಿತು, ಹೊಸಬ ಕೂರಲಿಲ್ಲ.

ಎನ್‌ವಿಡಿಯಾ ಕಾರ್ಡುಗಳಲ್ಲಿ ಇದು ಹೆಚ್ಚು. ಉಬುಂಟು ತಾನಾಗಿ ಬಳಸಿಕೊಂಡು ಬಂದ ನೋವೋ ಎಂಬ ಡ್ರೈವರನ್ನು ಕಂಪನಿಯ ನೆರವಿಲ್ಲದೆ, ಕಾರ್ಡಿನ ನಡವಳಿಕೆಯನ್ನು ಹೊರಗಿನಿಂದ ಗಮನಿಸಿ ಕಟ್ಟತೊಡಗಿದರು. ಲಿನಕ್ಸ್ ಪರಂಪರೆಯ ಮೂಲಪುರುಷ ಲೈನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯೊಂದರಲ್ಲಿ ಈ ಕಂಪನಿಯನ್ನು ಕುರಿತು ಕ್ಯಾಮೆರಾದತ್ತ ನಡುಬೆರಳೆತ್ತಿ ಒಂದು ಸೂತ್ರ ಹೇಳಿದರು. ಸೂತ್ರ ಚಿಕ್ಕದು, ಮನೆಮಂದಿಯೆಲ್ಲ ಓದುವ ಪತ್ರಿಕೆಯಾದ್ದರಿಂದ ಉದ್ಧರಿಸುವುದಿಲ್ಲ. 2022ರಲ್ಲಿ ಕಂಪನಿ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಮುಕ್ತಗೊಳಿಸಿತು. ಬೆರಳಿಗೂ ಇದಕ್ಕೂ ಕಾರ್ಯಕಾರಣ ಸಂಬಂಧ ಸಾಧಿಸಲು ನೋಡಿ, ಕಾಕತಾಳೀಯ ನ್ಯಾಯಕ್ಕೆ ಶರಣಾಗಿದ್ದೇವೆ.

ಪರಿಹಾರವಾಗಿ ಸಂಪ್ರದಾಯದಲ್ಲಿ ಬಂದಿರುವ ಮಂತ್ರ ನೋಮೋಡ್‌ಸೆಟ್. ಗ್ರಬ್ ಮೆನುವಿನಲ್ಲಿ ಇ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ಒಂದು ಖಾಲಿ ಜಾಗ ಬಿಟ್ಟು ಇದನ್ನು ಬರೆದು ಎಫ್10 ಒತ್ತಬೇಕು. ಮುಂದಿನ ಬೂಟಿಗೆ ಮಂತ್ರದ ಶಕ್ತಿ ಇರದು. ಪಂಡಿತರೂ ಎಡವುವುದು ಇಲ್ಲಿ. ನೋಮೋಡ್‌ಸೆಟ್ ರೋಗ ವಾಸಿ ಮಾಡುವುದಿಲ್ಲ. ಡ್ರೈವರಿಗೆ 'ನೀನು ಕೈಹಾಕಬೇಡ' ಎಂದು ಹೇಳಿ ಫರ್ಮ್‌ವೇರ್ ಬರೆದ ಚಿತ್ರದಲ್ಲೇ ಕಾಲ ತಳ್ಳುತ್ತದೆ. ಸರಿಯಾದ ಡ್ರೈವರ್ ಹಾಕಿಕೊಳ್ಳುವವರೆಗೆ ಮಾತ್ರ ಅದರ ಪ್ರಯೋಜನ. ಅದನ್ನೇ ಕಾಯಂ ಆಗಿ ಬರೆದಿಟ್ಟುಕೊಂಡು, ಚಿತ್ರ ಬಿಡಿಸುವ ಹೊರೆಯನ್ನೆಲ್ಲ ಪ್ರೊಸೆಸರಿನ ತಲೆಗೆ ಕಟ್ಟಿ, 'ಲಿನಕ್ಸ್‌ನಲ್ಲಿ ವಿಡಿಯೋ ತಡವರಿಸುತ್ತೆ ಕಣ್ರೀ' ಎಂದು ಮದುವೆಮನೆಗಳಲ್ಲಿ ಪ್ರಚಾರ ಮಾಡುವವರನ್ನು ಏನೆನ್ನಬೇಕೋ ಶಾಸ್ತ್ರ ಹೇಳಿಲ್ಲ.

ಡ್ರೈವರ್ ಹಾಕಿದರೂ ಕತ್ತಲೆ ಉಳಿದರೆ ಸೆಕ್ಯೂರ್ ಬೂಟ್ ನೋಡಬೇಕು. ಇದು ಕರ್ನಲ್ಲಿನ ಮಡಿ. ಸಹಿ ಇಲ್ಲದ ಡ್ರೈವರಿಗೆ ಅಡುಗೆಮನೆಯೊಳಗೆ ಪ್ರವೇಶವಿಲ್ಲ, ಎಷ್ಟೇ ದುಬಾರಿ ಕಾರ್ಡಿನ ಕಡೆಯವನಾಗಿರಲಿ. ಅದಕ್ಕೇ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದೊಡನೆ ನೀಲಿ ಪರದೆ ಬರುತ್ತದೆ. ವಿಂಡೋಸ್‌ನಿಂದ ಬಂದವರು ನೀಲಿ ಕಂಡೊಡನೆ ಪೂರ್ವಜನ್ಮದ ವಾಸನೆಯಿಂದ ಬೆಚ್ಚಿ ಕಂಟಿನ್ಯೂ ಒತ್ತುತ್ತಾರೆ. ಒತ್ತಬೇಕಾದದ್ದು ಎನ್‌ರೋಲ್, ಕೊಡಬೇಕಾದದ್ದು ಆ ಪಾಸ್‌ವರ್ಡ್.

ಪ್ರಾಗಭಾವ ಸರಳ. ಕಾರ್ಡ್ ಹುಟ್ಟಿದ್ದು ಮೊನ್ನೆ, ಕರ್ನಲ್ ಹುಟ್ಟಿದ್ದು ಅದಕ್ಕೂ ಮೊದಲು. ತನಗಿಂತ ಕಿರಿಯನ ಗುರುತು ಅದಕ್ಕೆಲ್ಲಿಂದ? ಹೊಸ ಕರ್ನಲ್ ಹಾಕಿದಾಗ ಈ ಅಭಾವ ತಾನಾಗಿ ಕೊನೆಗೊಳ್ಳುತ್ತದೆ.

ಅನ್ಯೋನ್ಯಾಭಾವದಲ್ಲಿ ಚಿತ್ರ ಇದೆ, ಆದರೆ ಅದು ಈ ಮಾನಿಟರಿನ ಚಿತ್ರವಲ್ಲ. 1920×1080ರ ಪರದೆ ಮೇಲೆ 1024×768 ಕೂತು ಎಲ್ಲರ ಮುಖವೂ ಅಗಲವಾಗಿದೆ. ಪ್ರತಿ ಮಾನಿಟರೂ ಎಡಿಡ್ ಎಂಬ ಜಾತಕವನ್ನು ಕೇಬಲ್ ಮೂಲಕ ಕಳಿಸುತ್ತದೆ. ಅದರ ಮೂಲಭಾಗ ಕೇವಲ 128 ಬೈಟ್. ಅಗ್ಗದ ಕನ್ವರ್ಟರಿನಲ್ಲಿ ಜಾತಕ ದಾರಿಯಲ್ಲೇ ಕಳೆದುಹೋಗುತ್ತದೆ. ಆಗ ಎಕ್ಸ್‌ರ್ಯಾಂಡರ್‌ನಿಂದ ಅಳತೆ ಹೊಂದಿಸಿ ಎನ್ನುವವರು 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ಪಂಥದವರು. ಎಕ್ಸ್ ಜಾಗಕ್ಕೆಂದು 2008ರಲ್ಲಿ ಶುರುವಾದ ವೇಲ್ಯಾಂಡ್ ಪಂಥದಲ್ಲಿ ಆ ಕ್ರಿಯೆ ಫಲಿಸದು. ಎರಡೂ ಪಂಥದವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬಾರದು. ಮೊದಲು ಕೇಬಲ್ ಬದಲಿಸಿ ನೋಡತಕ್ಕದ್ದು.

ಉಳಿದದ್ದು ಅತ್ಯಂತಾಭಾವ: ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆಯೂ ಇರದು. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಬಳಸಲು ಬರುವ ಸ್ವಂತ ಗ್ರಾಫಿಕ್ಸ್ ಇರುವುದಿಲ್ಲ. ಆದರೂ ಮದರ್‌ಬೋರ್ಡಿನ ಬೆನ್ನಿಗೆ ಎಚ್‌ಡಿಎಂಐ ಕಿಂಡಿ ಅಂದವಾಗಿ ಇದ್ದೇ ಇರುತ್ತದೆ. ಅದಕ್ಕೆ ಕೇಬಲ್ ಸಿಕ್ಕಿಸಿ ಕರ್ನಲ್ಲಿನ ಮೇಲೆ ಗ್ರಂಥ ಬರೆಯಬಹುದು, ಚಿತ್ರ ಬರದು. ಕೇಬಲನ್ನು ಒಂದು ಗೇಣು ಕೆಳಗಿರುವ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದರೆ ಬರುತ್ತದೆ. ಈ ಅಧ್ಯಾಯವನ್ನು ಮೊದಲಿಗೇ ಇಟ್ಟಿದ್ದರೆ ಗ್ರಂಥ ಬೆಳೆಯುತ್ತಿರಲಿಲ್ಲ.

ಫಲಶ್ರುತಿ: ಇದನ್ನು ಪಠಿಸಿದವರಿಗೆ ಚಿತ್ರಪ್ರಾಪ್ತಿಯಾಗುವುದು. 144 ಹರ್ಟ್ಸ್ ಮಾನಿಟರಿಗೆ ದುಡ್ಡು ಸುರಿದವರು ಮಾತ್ರ ಒಮ್ಮೆ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ನೋಡತಕ್ಕದ್ದು. ಅದು 60ರಲ್ಲೇ ಓಡುತ್ತಿರಬಹುದು.