ಮನೆಯಲ್ಲೇ ಇದೆ, ಕಾಣುವುದಿಲ್ಲ

ಮಗಳ ಮದುವೆಯ ವಿಡಿಯೊ, ಮೊಮ್ಮಗನ ಮುಂಜಿಯ ಫೋಟೊ, ಎಲ್‌ಐಸಿ ರಸೀದಿಯ ಸ್ಕ್ಯಾನು... ಎಲ್ಲವನ್ನೂ ಹೊಟ್ಟೆಯೊಳಗಿಟ್ಟುಕೊಂಡು ಟಿವಿ ಸ್ಟ್ಯಾಂಡಿನ ಕೆಳಗೆ ಹಸಿರು ದೀಪ ಮಿಟುಕಿಸುತ್ತಾ ಕೂತಿರುವ ಕಪ್ಪು ಪೆಟ್ಟಿಗೆಗೆ ಬಲ್ಲವರು ನ್ಯಾಸ್ ಎನ್ನುತ್ತಾರೆ. ಅಮೆರಿಕದಲ್ಲಿರುವ ಮಗ ತಾನು ಬಳಸಿ ಬಿಟ್ಟದ್ದನ್ನು ರಜೆಗೆ ಬರುವಾಗ ಹೊತ್ತು ತಂದು, ರೌಟರಿಗೆ ಕೇಬಲ್ ಸಿಕ್ಕಿಸಿ, "ಅಪ್ಪಾ, ಇನ್ನು ಪೆನ್‌ಡ್ರೈವ್ ಹುಡುಕೋ ತಾಪತ್ರಯ ಇಲ್ಲ" ಎಂದು ವಿಮಾನ ಹತ್ತುತ್ತಾನೆ. ಅಪ್ಪನ ತಾಪತ್ರಯ ಶುರುವಾಗುವುದೇ ಆಮೇಲೆ.

ಅಪ್ಪ ಎಂದರೆ ಬ್ಯಾಂಕಿನಲ್ಲಿ ಸವೆದು ನಿವೃತ್ತರಾದವರು. ಲೆಡ್ಜರಿನಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೂ ರಾತ್ರಿಯವರೆಗೆ ಕೂತು ಹುಡುಕುತ್ತಿದ್ದ ತಲೆಮಾರು. ಅವರು ಕಂಪ್ಯೂಟರಿನಲ್ಲಿ 'ನೆಟ್‌ವರ್ಕ್' ಒತ್ತಿದರೆ ಪ್ರಿಂಟರ್ ಕಾಣುತ್ತದೆ, ಟಿವಿ ಕಾಣುತ್ತದೆ, ಪೆಟ್ಟಿಗೆ ಮಾತ್ರ ನಾಪತ್ತೆ. ಅದರ ಬೆನ್ನಿಗೆ ಅಂಟಿಸಿದ ಚೀಟಿ ನೋಡಿ ಹೆಸರು ಟೈಪಿಸಿದರೆ 80070035 ಎಂಬ ಅಂಕಿಯ ಜೊತೆ ದಾರಿಯೇ ಸಿಗಲಿಲ್ಲವೆಂಬ ಉತ್ತರ. "ಇಲ್ಲೇ ಇದೆಯಲ್ಲಯ್ಯಾ!" ಎಂದು ಕಂಪ್ಯೂಟರಿಗೇ ಬೆರಳು ಮಾಡಿ ತೋರಿಸುತ್ತಾರೆ.

ಪಾಪ, ಕಂಪ್ಯೂಟರಿನದೇನೂ ತಪ್ಪಿಲ್ಲ. ಅದೂ ಪೆಟ್ಟಿಗೆಯೂ ಮಾತಾಡಿಕೊಳ್ಳುವ ಭಾಷೆ ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿ, ಮೈಕ್ರೋಸಾಫ್ಟ್ ಮನೆಯಲ್ಲಿ ಬೆಳೆದದ್ದು. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಜೆಲ್ ಕೇಬಲ್ಲಿನಲ್ಲಿ ಹರಿಯುವ ಈ ಸಂಭಾಷಣೆಯನ್ನು ಕದ್ದು ಕೇಳಿಸಿಕೊಂಡೇ ಅದನ್ನು ಕಲಿತು, ತನ್ನದೇ ಪ್ರೋಗ್ರಾಂ ಬರೆದರು. ಅದೇ ಮುಂದೆ ಸಾಂಬಾ ಆಯಿತು. ಮನೆಬಳಕೆಯ ಪೆಟ್ಟಿಗೆಗಳಲ್ಲಿ ಬಹುಪಾಲು ಇವತ್ತಿಗೂ ನಡೆಯುವುದು ಲಿನಕ್ಸ್ ಮತ್ತು ಸಾಂಬಾ ಬಲದಿಂದ.

2017ರ ಮೇ ತಿಂಗಳಲ್ಲಿ ಗ್ರಹಚಾರ ಕೆಟ್ಟಿತು. ವಾನ್ನಾಕ್ರೈ ಎಂಬ ಸುಲಿಗೆ ವೈರಸ್ಸು ಇದೇ ಭಾಷೆಯ ಮೊದಲ ಆವೃತ್ತಿಯ ಬಿರುಕಿನಿಂದ ನುಗ್ಗಿ, ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳಿಗೂ ಬೀಗ ಜಡಿಯಿತು. ಆ ವರ್ಷದ ಅಕ್ಟೋಬರಿನ ವಿಂಡೋಸ್ 10 ಅಪ್‌ಡೇಟಿನಿಂದ ಮುಂದೆ, ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಎಸ್‌ಎಂಬಿ1 ತಾನಾಗಿ ಬರುವುದು ಹಂತಹಂತವಾಗಿ ನಿಂತಿತು. ಹಳೆಯ ಪೆಟ್ಟಿಗೆಗಳು ಪಟ್ಟಿಯಲ್ಲಿ ತಲೆ ತೋರಿಸುತ್ತಿದ್ದುದು ಅದರ ಆಸರೆಯಿಂದಲೇ. ಅಲ್ಲಿಂದ ಅವು ಮಾಯ.

ಈ ಭಾಷೆಯ ಹೊಸ ಆವೃತ್ತಿಯೂ ಗೊತ್ತಿರುವ ಪೆಟ್ಟಿಗೆಗೆ ಉಳಿದ ದಾರಿ, ನೇರ ವಿಳಾಸ. ರಾತ್ರಿ ಫೋನು:

"ಬ್ಯಾಕ್‌ಸ್ಲ್ಯಾಶ್ ಎರಡು ಸಲ ಒತ್ತಿ ಅಪ್ಪಾ."

"ಯಾವ ಕಡೆ ವಾಲಿದ್ದು?"

"ಎಡಕ್ಕೆ. ಎಂಟರ್ ಮೇಲಿದೆ ನೋಡಿ. ಆಮೇಲೆ 192.168.1.7."

ಈಗ ಪಾಸ್‌ವರ್ಡ್ ಪ್ರಶ್ನೆ. ಅಪ್ಪ ಬೆಳಗ್ಗೆ ಕಂಪ್ಯೂಟರ್ ತೆರೆಯುವ ನಾಲ್ಕಂಕಿಯ ಪಿನ್ ಹಾಕುತ್ತಾರೆ. ತಿರಸ್ಕಾರ. ಆ ಪಿನ್ ನಡೆಯುವುದು ಆ ಒಂದು ಕಂಪ್ಯೂಟರಿಗೆ ಮಾತ್ರ. ಪೆಟ್ಟಿಗೆಗೆ ಅದರದೇ ಹೆಸರು, ಅದರದೇ ಪಾಸ್‌ವರ್ಡ್. ಸುಲಭವಾಗಲೆಂದು ಪಾಸ್‌ವರ್ಡೇ ಇಲ್ಲದ ಗೆಸ್ಟ್ ಪ್ರವೇಶ ಇಟ್ಟಿದ್ದರೂ ಉಪಯೋಗವಿಲ್ಲ. ಈಚಿನ ವಿಂಡೋಸಿನ ಹಲವು ಆವೃತ್ತಿಗಳು ಅಂಥ ಸಲೀಸು ಸ್ನೇಹವನ್ನು ಒಪ್ಪುವುದಿಲ್ಲ. ಕೊನೆಗೆ ಸರಿಯಾದ ಪಾಸ್‌ವರ್ಡ್ ಅಮ್ಮನ ಹಾಲಿನ ಲೆಕ್ಕದ ಡೈರಿಯಲ್ಲಿ ಸಿಗುತ್ತದೆ. ಸುರಕ್ಷತಾ ತಜ್ಞರು ಬೈಯಬಹುದು, ಆದರೆ ಸಿಕ್ಕಿದ್ದು ಅಲ್ಲೇ. ಫೋಲ್ಡರು ತೆರೆಯುತ್ತದೆ. ಅಪ್ಪ ಅದಕ್ಕೆ ಝಡ್ ಡ್ರೈವ್ ಎಂದು ಹೆಸರಿಟ್ಟು, ಮುಂಜಿಯ ಫೋಟೊ ತೋರಿಸಲು ಎದುರು ಮನೆಯವರನ್ನೂ ಕರೆಯುತ್ತಾರೆ.

ಮಾರನೆಯ ದಿನ ಕರೆಂಟು ಹೋಗಿ ಬರುತ್ತದೆ. ಝಡ್ ಮೇಲೆ ಕೆಂಪು ಗುರುತು.

ಇದು ರೌಟರಿನ ಕೈಚಳಕ. ಲಾಡ್ಜಿನ ಮ್ಯಾನೇಜರು ಖಾಲಿಯಿದ್ದ ರೂಮಿನ ಕೀಲಿ ಕೊಡುವಂತೆ ಅದು ಬಂದವರಿಗೆಲ್ಲ ವಿಳಾಸ ಹಂಚುತ್ತದೆ. ನಿನ್ನೆ ಪೆಟ್ಟಿಗೆಗಿದ್ದ 7 ಇವತ್ತು ಅಮ್ಮನ ಮೊಬೈಲಿಗೆ ಸಿಕ್ಕಿರಬಹುದು. ಪರಿಹಾರ ರೌಟರಿನೊಳಗೇ ಇದೆ: ಪೆಟ್ಟಿಗೆಯ ಗುರುತು ಸಂಖ್ಯೆಯಾದ ಮ್ಯಾಕ್ ವಿಳಾಸ ಬರೆದು, ಈ ನಂಬರು ಇದಕ್ಕೇ ಎಂದು ಕಾಯ್ದಿರಿಸಿದರೆ ಮುಗಿಯಿತು. ಸೋಜಿಗವೆಂದರೆ ಈ ಒಂದು ಕೆಲಸವನ್ನು ಯಾವ ಮಗನೂ ವಿಮಾನ ಹತ್ತುವ ಮುಂಚೆ ಮಾಡುವುದಿಲ್ಲ.

ಇನ್ನು, ನೇರ ವಿಳಾಸಕ್ಕೂ ಪೆಟ್ಟಿಗೆ ತೆರೆದುಕೊಳ್ಳದಿದ್ದಾಗ, "ಅಂಕಲ್, ಎಸ್‌ಎಂಬಿ1 ಆನ್ ಮಾಡಿಬಿಡಿ, ಎಲ್ಲಾ ಸರಿಹೋಗುತ್ತೆ" ಎನ್ನುವ ಹುಡುಗರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಿಗೆ ಕಾಫಿ ಕೊಡಿ, ಕೀಬೋರ್ಡ್ ಕೊಡಬೇಡಿ. ಮೊದಲು ಪೆಟ್ಟಿಗೆಯ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಅದಕ್ಕೆ ಎಸ್‌ಎಂಬಿ2 ಅಥವಾ 3 ಬರುತ್ತದೆಯೇ ನೋಡಿ. ಬಾರದಿದ್ದರೆ ಫೋಟೊಗಳನ್ನು ಬೇರೆಡೆಗೆ ನಕಲು ಮಾಡಿಕೊಂಡು ಪೆಟ್ಟಿಗೆಯನ್ನೇ ಬದಲಾಯಿಸಿ.