ರಂಗೋಲಿ ಕೆಳಗೆ ತೂರುವ ಸುರಂಗಪ್ಪ

ಚೀನಾಕ್ಕೆ ಹೊರಟ ಯಾವ ತಂಡದಲ್ಲೂ ಒಬ್ಬ ಸುರಂಗಪ್ಪ ಇದ್ದೇ ಇರುತ್ತಾನೆ. ಹೆತ್ತವರು ಇಟ್ಟ ಹೆಸರು ಬೇರೆ. ಕೇಳಿದವರಿಗೂ ಕೇಳದವರಿಗೂ ‘ವಿಪಿಎನ್ ಅಂದ್ರೆ ತಡೆ ಹಾಕಿದ ವೆಬ್‌ಸೈಟಿಗೆ ತೂರೋ ಒಂದು ಸುರಂಗ ಕಣ್ರೀ’ ಎಂದು ವಿವರಿಸಿ ವಿವರಿಸಿ ಈ ಬಿರುದು ಗಳಿಸಿರುತ್ತಾನೆ. 1957ರಿಂದ ಗುವಾಂಗ್‌ಝೌನಲ್ಲಿ ವರ್ಷಕ್ಕೆರಡು ಸಲ ನಡೆಯುವ ಕ್ಯಾಂಟನ್ ಮೇಳಕ್ಕೆ ಹೊರಟ ನಮ್ಮ ತಂಡದಲ್ಲೂ ಇದ್ದ. ಎಸ್.ಪಿ. ರಸ್ತೆಯ ಬಿಡಿಭಾಗದವರು, ಚಿಕ್ಕಪೇಟೆಯ ಗಿಲೀಟು ಒಡವೆಯ ಅಜ್ಜಿ, ಎಲ್ಲರೂ ಚಕ್ಕುಲಿ ಉಪ್ಪಿನಕಾಯಿ ಕಟ್ಟಿಕೊಂಡು ಬಂದರೆ ಇವನು ಐದು ವಿಪಿಎನ್ ಕಟ್ಟಿಕೊಂಡು ಬಂದಿದ್ದ.

ದೇವನಹಳ್ಳಿ ವಿಮಾನ ನಿಲ್ದಾಣದಲ್ಲೇ ಎಲ್ಲರ ಫೋನೂ ಅವನ ವಶವಾಯಿತು. “ಅಲ್ಲಿ ಇಳಿದ ಮೇಲೆ ಹಾಕ್ಕೋತೀನಿ ಅಂದ್ರೆ ಆಗಲ್ಲ. ಪ್ಲೇಸ್ಟೋರೇ ತೆರೆಯಲ್ಲ. ಆ್ಯಪಲ್‌ನವರು ಚೀನಾದ ಅಂಗಡಿಯಿಂದ ವಿಪಿಎನ್‌ಗಳನ್ನ 2017ರಲ್ಲೇ ಎತ್ತಿ ಹಾಕಿದಾರೆ.” ಅಷ್ಟು ನಿಜ. ಆಮೇಲೆ ತಿಥಿ ಮಾಡಿಸುವ ಪುರೋಹಿತರ ಧಾಟಿ ಬಂತು. ಚೀನಾದಲ್ಲಿ ಫೇಸ್‌ಬುಕ್, ಯೂಟ್ಯೂಬ್ ಹೋದದ್ದು 2009ರಲ್ಲಿ. ಗೂಗಲ್ ಹುಡುಕಾಟ ಗಂಟುಮೂಟೆ ಕಟ್ಟಿದ್ದು 2010ರಲ್ಲಿ. ವಾಟ್ಸ್‌ಆ್ಯಪ್‌ಗೆ ಉಸಿರು ಕಟ್ಟಿದ್ದು 2017ರಲ್ಲಿ.

“ಇದೆಲ್ಲ ಅಲ್ಲಿಯ ಕಾನೂನಿಗೆ ಸರೀನೇನಪ್ಪ?” ಎಂದರು ಅಜ್ಜಿ. ಸರ್ಕಾರ ಒಪ್ಪದ ವಿಪಿಎನ್ ಚೀನಾದಲ್ಲಿ ನಿಷಿದ್ಧ. ಸುರಂಗಪ್ಪನಿಗೆ ಆ ಗಳಿಗೆಯಲ್ಲೇ ಶೌಚಾಲಯದ ನೆನಪಾಯಿತು.

ದಾರಿಯಲ್ಲಿ ಹಾಂಗ್‌ಕಾಂಗ್. ಅಲ್ಲಿ ಐದೂ ಸುರಂಗಗಳು ಬೆಣ್ಣೆಯಿಂದ ಕೂದಲು ತೆಗೆದಂತೆ ತೆರೆದುಕೊಂಡವು. “ಹೆಂಗೆ?” ಎಂದು ಮೀಸೆ ತಿರುವಿದ. ಇವನ್ನೆಲ್ಲ ತಡೆಯುವ ಚೀನಾದ ಇಂಟರ್ನೆಟ್ ಮಹಾಗೋಡೆ ಹಾಂಗ್‌ಕಾಂಗ್‌ವರೆಗೆ ಬಂದೇ ಇಲ್ಲ ಎಂದು ಹೇಳಿ ಅವನ ಸಂತೋಷ ಕೆಡಿಸಲು ಯಾರಿಗೂ ಮನಸ್ಸಾಗಲಿಲ್ಲ.

ಗುವಾಂಗ್‌ಝೌ ಹೋಟೆಲಿನ ವೈಫೈ ಹಿಡಿದದ್ದೇ, ಕಳಿಸಿದ ಮೆಸೇಜಿನ ಪಕ್ಕ ಪುಟ್ಟ ಗಡಿಯಾರ ಕೂತಿತು. ಸುರಂಗಪ್ಪ ತೋಳೇರಿಸಿದ. ವಿಪಿಎನ್‌ನಲ್ಲಿ ಸಿಂಗಪುರ ಒತ್ತಿದ. ಚಕ್ರ ತಿರುಗಿತು. ಜಪಾನ್ ಒತ್ತಿದ. ಮತ್ತೆ ತಿರುಗಿತು. ನವಗ್ರಹ ಪ್ರದಕ್ಷಿಣೆಗಿಂತ ಹೆಚ್ಚು ಸುತ್ತಾದರೂ ವರ ಸಿಗಲಿಲ್ಲ. “ಗೋಡೆ ಕಾಯೋರು ಲಕೋಟೆ ಒಡೆದು ಓದಲ್ಲ ಕಣ್ರೀ. ಅಂಟಿಸಿರೋ ರೀತಿ ನೋಡಿಯೇ ಇದು ಸುರಂಗದ ಕಾಗದ ಅಂತ ಹಿಡೀತಾರೆ. ಅದಕ್ಕೇ ಲಕೋಟೆಗೆ ಮಾಮೂಲಿ ವೆಬ್‌ಸೈಟಿನ ವೇಷ ಹಾಕಬೇಕು. ಅವರು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ!”

ರಾತ್ರಿ ಒಂದೂವರೆಗೆ ನೆದರ್‌ಲೆಂಡ್ಸ್ ಸಿಕ್ಕಿತು. ಆನಂದ ತಡೆಯಲಾರದೆ ತನ್ನ ಬ್ಯಾಂಕಿನ ಆ್ಯಪ್ ತೆರೆದ. ಬೆಂಗಳೂರಿನ ಖಾತೆಯನ್ನು ಅಪರಾತ್ರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ತಟ್ಟುವವನು ಕಳ್ಳನಲ್ಲದೆ ಇನ್ನಾರು? ಬ್ಯಾಂಕು ಬಾಗಿಲು ಹಾಕಿಕೊಂಡಿತು. ತೆರೆಸಲು ಬೇಕಾದ ಓಟಿಪಿ ಬರಬೇಕಿದ್ದ ಇಂಡಿಯಾದ ಸಿಮ್ ಸೂಟ್‌ಕೇಸಿನಲ್ಲಿ ಚಕ್ಕುಲಿ ಡಬ್ಬಿಯ ತಳದಲ್ಲಿ ಮಲಗಿತ್ತು. ರೋಮಿಂಗ್ ಎಂದರೆ ದುಡ್ಡು ದಂಡ ಎಂದು ಅದನ್ನು ಕಿತ್ತಿಟ್ಟವನು ಅವನೇ.

ಬೆಳಗಿನ ತಿಂಡಿಗೆ ಹೋದರೆ ಅಜ್ಜಿ ದಾವಣಗೆರೆಯ ಮಗಳ ಜೊತೆ ವಾಟ್ಸ್‌ಆ್ಯಪ್ ವಿಡಿಯೊದಲ್ಲಿ ಹುಳಿಗೆ ಎಷ್ಟು ಇಂಗು ಎಂದು ವಾದಿಸುತ್ತಿದ್ದರು. ಸುರಂಗವಿಲ್ಲ, ವೇಷವಿಲ್ಲ. ಮಗ ಇಂಡಿಯಾದ ಸಿಮ್ಮಿಗೆ ರೋಮಿಂಗ್ ಹಾಕಿಸಿ ಕಳಿಸಿದ್ದ, ಅಷ್ಟೆ. ರೋಮಿಂಗ್ ಡೇಟಾ ಮೊದಲು ನಮ್ಮ ದೇಶದ ಕಂಪನಿಗೆ ಹೋಗಿ, ಅಲ್ಲಿಂದ ಇಂಟರ್ನೆಟ್ಟಿಗೆ ಇಳಿಯುತ್ತದೆ. ಗೋಡೆ ಅದನ್ನು ತಡೆಯುವುದಿಲ್ಲ. ಗಂಡನ ಮನೆಯಲ್ಲಿ ಕೂತು ತವರಿನ ಬಾವಿ ನೀರು ಕುಡಿದ ಹಾಗೆ. ಬೇಯಿಸಿದ ಒಂದು ಮೊಟ್ಟೆ ಮುಗಿಯುವವರೆಗೂ ಸುರಂಗಪ್ಪ ಮಾತಾಡಲಿಲ್ಲ. ನಾವು ಕಂಡ ಅವನ ಅತಿ ದೀರ್ಘ ಮೌನ ಅದು.

ಮೇಳದಲ್ಲಿ ಅವನ ಮುಖ ಮತ್ತೆ ಅರಳಿತು. ಮಳಿಗೆಯ ಹುಡುಗಿ ಅಜ್ಜಿಯ ಹತ್ತಿರ ವೀಚ್ಯಾಟ್ ಕೇಳಿದಳು. ಅಜ್ಜಿಯ ಫೋನಿನಲ್ಲಿ ಅದೆಲ್ಲಿ ತೆರೆಯಬೇಕು? 2020ರ ಜೂನ್ 29ರಂದು ನಮ್ಮ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚ್ಯಾಟ್ ಕೂಡ ಒಂದು. ತವರಿನ ನೀರು ಕುಡಿದವರಿಗೆ ತವರಿನ ಕಟ್ಟುಪಾಡೂ ಬಂತು. “ನೋಡಿದ್ರಾ? ಅಜ್ಜಿ ಗೋಡೆಯನ್ನ ಊರಿಂದಲೇ ತಂದಿದಾರೆ! ಕೊಡಿ ಇಲ್ಲಿ, ಒಂದು ಸುರಂಗ ತೋಡಿಬಿಡ್ತೀನಿ” ಎಂದು ಕೈ ಚಾಚಿದ.

ಅಜ್ಜಿ ಫೋನನ್ನು ಬಾಳೆಕಾಯಿ ಚೀಲಕ್ಕೆ ಹಾಕಿ ಕ್ಯಾಲ್ಕುಲೇಟರ್ ತೆಗೆದರು. ಹುಡುಗಿ ಒಂದು ಅಂಕಿ ಒತ್ತಿದಳು. ಅಜ್ಜಿ ಅಳಿಸಿ ಅದರರ್ಧ ಒತ್ತಿದರು. ಐದು ನಿಮಿಷದಲ್ಲಿ ವ್ಯಾಪಾರ ಕುದುರಿತು.

ನೀವೂ ಆ ಕಡೆ ಹೊರಟಿದ್ದರೆ ರೋಮಿಂಗ್ ಹಾಕಿಸಿಕೊಳ್ಳಿ, ಹೋಟೆಲಿನ ವಿಳಾಸವನ್ನು ಚೀನಿ ಅಕ್ಷರದಲ್ಲಿ ಬರೆಸಿಟ್ಟುಕೊಳ್ಳಿ, ಒಂದು ಕ್ಯಾಲ್ಕುಲೇಟರ್ ಒಯ್ಯಿರಿ. ಸುರಂಗಪ್ಪನನ್ನು ಹುಡುಕುವ ಶ್ರಮ ಬೇಡ. ವಿಮಾನ ನಿಲ್ದಾಣದಲ್ಲಿ ಅವನೇ ಬಂದು ನಿಮ್ಮ ಫೋನ್ ಕೇಳುತ್ತಾನೆ.